ತೊಕ್ಕುರಿಯ ಕರ್ತೃ

ಜಪಾನ್ ದೇಶದ ಒಕಾಯಾಮಾ ಪ್ರಾಂತದಲ್ಲಿ, ಒಳಗಡಲಿಗೆ ಅನತಿದೂರದಲ್ಲಿ, ಇಂಬೆ ಎಂಬುದೊಂದು ಊರಿದೆ. ಆ ಸೀಮೆಗೆ ಹಿಂದಿನ ಕಾಲದಲ್ಲಿದ್ದ ಬಿಜೆನ್ ಎಂಬ ಹೆಸರೇ ಅಲ್ಲಿಯ ಮಣ್ಣಿನ ಪಾತ್ರೆಗಳಿಗೂ ಬಂದಿದೆ. ಆ ಊರಿನ ಆವಗೆಯಿಂದ ಹೊರಬಂದ ತೊಕ್ಕುರಿಯೊಂದನ್ನು, ಎಂದರೆ ಅಕ್ಕಿಯ ಮದ್ಯವಾದ ಸಾಕೆಯನ್ನು ಬಟ್ಟಲಿಗೆ ಬಗ್ಗಿಸುವ ಕುಡಿಕೆಯನ್ನು, ಕೈಗೆತ್ತಿಕೊಂಡು ನೋಡಿದವನಿಗೆ ಮೊದಲು ಕಾಣುವುದು ಅದರಲ್ಲಿ ಏನೇನು ಇಲ್ಲವೆಂಬುದೇ. ಬಣ್ಣವಿಲ್ಲ, ಚಿತ್ರವಿಲ್ಲ, ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಜಾಡಿಗಿರುವಂತಹ ಗಾಜಿನ ಮೆರುಗೂ ಇಲ್ಲ. ಜಾಡಿಯಂತೆಯೇ ಕಲ್ಲಿನ ಕಾಠಿಣ್ಯ ಬರುವವರೆಗೆ ಬೆಂದ ಮಣ್ಣು, ಆದರೆ ಮೈಮೇಲೆ ಏನನ್ನೂ ಹೊದೆಯದ ಮಣ್ಣು. ಗೇಣುದ್ದಕ್ಕಿಂತ ಗಿಡ್ಡ, ಅಂಗೈ ಸುತ್ತಿಕೊಳ್ಳುವಷ್ಟು ಹೊಟ್ಟೆ, ಎರಡು ಬೆರಳು ಹಿಡಿಯುವಷ್ಟು ಕತ್ತು. ಅವರ ಅಳತೆಯಲ್ಲಿ ಒಂದು ‘ಗೋ’, ಅಂದರೆ 180 ಮಿಲಿಲೀಟರು, ಇಲ್ಲವೆ ಅದರ ಇಮ್ಮಡಿ ಹಿಡಿಯುತ್ತದೆ. ಒಂದು ಪಕ್ಕದಲ್ಲಿ ಎಳ್ಳು ಚೆಲ್ಲಿದಂತೆ ಹಳದಿ ಬೂದಿಯ ಚುಕ್ಕೆಗಳು, ಇನ್ನೊಂದು ಪಕ್ಕದಲ್ಲಿ ಸುಟ್ಟ ಇಟ್ಟಿಗೆಯ ಕಪ್ಪುಗೆಂಪು, ಬುಡದ ಹತ್ತಿರ ಮೋಡದಂತಹ ಒಂದು ನೀಲಿಬೂದು ಛಾಯೆ. ಬಗ್ಗಿಸುವಾಗ ಕತ್ತಿನಲ್ಲಿ ಗಾಳಿಯೂ ದ್ರವವೂ ಎಡೆಗಾಗಿ ಸ್ಪರ್ಧಿಸಿ ‘ತೊಕು ತೊಕು’ ಎನ್ನುವ ಧ್ವನಿಯಿಂದಲೇ ಇದಕ್ಕೆ ಈ ಹೆಸರು ಬಂತೆಂದು ಹೇಳುವುದುಂಟು. ಪಾನದ ಅಭ್ಯಾಸವಿಲ್ಲದ ನಾನು ಅದರಲ್ಲಿ ನೀರನ್ನು ತುಂಬಿ ಬಗ್ಗಿಸಿದರೂ ಆ ನಿರುಕ್ತ ಸುಳ್ಳೆನಿಸುವುದಿಲ್ಲ.

ಈ ಪಾತ್ರೆಯ ಕರ್ತೃ ಯಾರು? ಪ್ರಶ್ನೆ ಬಾಲಿಶವೆಂದು ತೋರಬಹುದು. ಕುಂಬಾರನೆಂದು ಹೇಳಿ ಮುಗಿಸಬಹುದಲ್ಲ! ಆದರೆ ವಿಚಿತ್ರವೇನೆಂದರೆ, ಈ ವಿಷಯದಲ್ಲಿ ಅಧಿಕಾರವಾಣಿಯಿಂದ ಮಾತನಾಡುವವರಲ್ಲಿ ಒಬ್ಬರೂ ಈ ಸರಳವಾದ ಉತ್ತರವನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಕುಂಬಾರನನ್ನೇ ಕೇಳಿದರೆ ಅವನು ವಿನಯದಿಂದ, ಬೆಂಕಿ ಮಾಡಿತು ಎನ್ನುತ್ತಾನೆ. ಲೋಕಕಲೆಯ ತತ್ತ್ವಜ್ಞರು, ಯಾವನೊಬ್ಬನೂ ಮಾಡಲಿಲ್ಲ, ಪರಂಪರೆ ಮಾಡಿತು ಎನ್ನುತ್ತಾರೆ. ವ್ಯಾಪಾರಿಯೋ ತೊಕ್ಕುರಿಯನ್ನು ತೋರಿಸುವುದಕ್ಕೆ ಮೊದಲೇ ಅದರ ಮರದ ಪೆಟ್ಟಿಗೆಯ ಮುಚ್ಚಳವನ್ನು ಮುಂದಿಟ್ಟು, ಅದರ ಮೇಲಿನ ಸಹಿಯನ್ನು ಓದಿಸುತ್ತಾನೆ. ಈ ಉತ್ತರಗಳಲ್ಲಿ ಒಂದೊಂದರಲ್ಲಿಯೂ ಸ್ವಲ್ಪ ಸತ್ಯವಿದೆ. ಆದರೆ ಒಂದೊಂದೂ ಕರ್ತೃವಿನ ಮುಖ್ಯಲಕ್ಷಣವನ್ನು ಮರೆಸುತ್ತದೆಂದು ನನ್ನ ಅಭಿಪ್ರಾಯ.

ಮೊದಲು ಬೆಂಕಿಯ ವಾದವನ್ನು ನೋಡೋಣ. ಏಕೆಂದರೆ ಅದೇ ಎಲ್ಲಕ್ಕಿಂತ ಮನೋಹರವಾದದ್ದು. ಇಂಬೆಯ ಸುತ್ತಣ ಭತ್ತದ ಗದ್ದೆಗಳ ಅಡಿಯಲ್ಲಿ, ಎರಡು ಮೂರು ಮೀಟರು ಅಗೆದಮೇಲೆ, ‘ಹಿಯೋಸೆ’ ಎಂದು ಅವರು ಕರೆಯುವ ಒಂದು ಜಿಗುಟಾದ ಕರಿಮಣ್ಣಿನ ಪದರ ಸಿಕ್ಕುತ್ತದೆ. ಕುಯಿಲು ಮುಗಿದು ಗದ್ದೆ ಬರಿದಾದ ಚಳಿಗಾಲದಲ್ಲಿ ಅದನ್ನು ತೆಗೆದು, ಬಿಸಿಲು ಮಳೆಗಳಿಗೆ ಒಡ್ಡಿ, ವರ್ಷಗಟ್ಟಲೆ ಹಾಗೆಯೇ ಇರಿಸಿ ಹದಗೊಳಿಸುತ್ತಾರೆ. ಕಬ್ಬಿಣದ ಅಂಶ ಹೆಚ್ಚಾಗಿರುವ ಈ ಮಣ್ಣು ತಿಗುರಿಯ ಮೇಲೆ ಬಹು ವಿಧೇಯವಾದದ್ದು, ಬೆಂಕಿಯಲ್ಲಿ ಬಹು ಕೋಪಿಷ್ಠವಾದದ್ದು. ಬೇಯುವಾಗ ಬಹಳವಾಗಿ ಕುಗ್ಗುವುದರಿಂದ ಮೇಲೆ ಹಚ್ಚಿದ ಮೆರುಗು ಅದರ ಮೈಗೆ ಹತ್ತಿ ನಿಲ್ಲದು. ಮಣ್ಣಿನಲ್ಲಿ ಸೇರಿರುವ ಸಸ್ಯಾಂಶವು ಮೆಲ್ಲಗೆ ಉರಿದುಹೋಗಲು ಅವಕಾಶವಿಲ್ಲದಿದ್ದರೆ ಪಾತ್ರೆ ಉಬ್ಬುತ್ತದೆ, ಇಲ್ಲವೆ ಸೀಳುತ್ತದೆ. ಆದುದರಿಂದ, ಬೇರೆ ಕಡೆ ಒಂದೆರಡು ದಿನಗಳಲ್ಲಿ ಮುಗಿಯಬಹುದಾದ ಸುಡುವಿಕೆ ಇಲ್ಲಿ ಹತ್ತರಿಂದ ಹದಿನಾಲ್ಕು ದಿನಗಳವರೆಗೆ, ಹಗಲಿರುಳೆನ್ನದೆ, ಕೆಂಪು ಪೈನ್ ಮರದ ಸೌದೆಯನ್ನು ತುಂಡುತುಂಡಾಗಿ ಉಣಿಸುತ್ತ, ಸುಮಾರು 1200 ಡಿಗ್ರಿಯ ಶಾಖವನ್ನು ಮುಟ್ಟುವವರೆಗೆ ನಡೆಯುತ್ತದೆ. ಮೆರುಗಿಲ್ಲದಿರುವುದನ್ನು ವೈರಾಗ್ಯವೆಂದೂ ನಿಧಾನವನ್ನು ತಪಸ್ಸೆಂದೂ ವರ್ಣಿಸುವ ರಸಿಕರು ಇದನ್ನು ನೆನೆಯುವುದು ಒಳ್ಳೆಯದು: ಎರಡೂ ಆ ಗದ್ದೆಯ ಮಣ್ಣಿನ ಸ್ವಭಾವದಿಂದ ಬಂದ ನಿರ್ಬಂಧಗಳು.

ಇಷ್ಟು ದಿನಗಳ ಉರಿಯಲ್ಲಿ ಸೌದೆಯ ಬೂದಿ ಹಾರಿ ಪಾತ್ರೆಗಳ ಹೆಗಲ ಮೇಲೆ ಕುಳಿತು, ಕರಗಿ, ಚುಕ್ಕೆಗಳಾಗುತ್ತದೆ. ಅವರು ಅದನ್ನು ಎಳ್ಳು ಎಂಬರ್ಥದ ‘ಗೋಮಾ’ ಎಂದೇ ಕರೆಯುತ್ತಾರೆ. ಕೆಂಡದಲ್ಲಿ ಹೂತುಹೋದ ಭಾಗಕ್ಕೆ ಗಾಳಿ ತಾಗದೆ ಅಲ್ಲಿ ನೀಲಿಬೂದು ಬಣ್ಣವೇರುತ್ತದೆ; ಅದು ‘ಸಂಗಿರಿ’. ಭತ್ತದ ಹುಲ್ಲು ಸುತ್ತಿದ ಕಡೆ, ಹುಲ್ಲಿನ ಕ್ಷಾರ ಮಣ್ಣಿನ ಕಬ್ಬಿಣದೊಡನೆ ಕೂಡಿ, ಬೆಂಕಿಯೇ ದಾರವಾಗಿ ಸುತ್ತಿಕೊಂಡಂತೆ ಕೆಂಪು ಗೆರೆಗಳು ಮೂಡುತ್ತವೆ; ಅದು ‘ಹಿದಸುಕಿ’. ಇವುಗಳಲ್ಲಿ ಒಂದು ಗೆರೆಯನ್ನಾದರೂ ಮನುಷ್ಯನ ಕೈ ಬರೆಯಲಿಲ್ಲ. ಆದ್ದರಿಂದ ಇದೆಲ್ಲ ಆಕಸ್ಮಿಕ, ಅಗ್ನಿದೇವನ ಪ್ರಸಾದ ಎಂದು ಹೇಳುವುದು ಸುಲಭ.

ಆದರೆ ಆವಗೆಯ ಒಳಗೆ ಪಾತ್ರೆಗಳನ್ನು ಜೋಡಿಸುವ ಕೆಲಸವನ್ನು ಗಮನಿಸಿದವನು ‘ಆಕಸ್ಮಿಕ’ ಎಂಬ ಪದವನ್ನು ಅಷ್ಟು ಧಾರಾಳವಾಗಿ ಬಳಸಲಾರ. ತೊಕ್ಕುರಿಯನ್ನು ನಿಲ್ಲಿಸಬೇಕೋ ಮಲಗಿಸಬೇಕೋ, ಉರಿಯ ಬಾಯಿಗೆ ಎಷ್ಟು ದೂರದಲ್ಲಿಡಬೇಕು, ಯಾವ ಜಾಡಿಯ ಮರೆಯಲ್ಲಿಟ್ಟರೆ ಬೂದಿ ಒಂದೇ ಪಕ್ಕಕ್ಕೆ ಬೀಳುತ್ತದೆ, ಎಲ್ಲಿ ಮಣ್ಣಿನ ಬಿಲ್ಲೆಯೊಂದನ್ನು ಇಟ್ಟರೆ ಅದರಡಿಯ ಜಾಗ ಬೂದಿ ತಾಗದೆ ದುಂಡಾದ ಕೆಂಪು ಮಚ್ಚೆಯಾಗಿ ಉಳಿಯುತ್ತದೆ, ಇದೆಲ್ಲವನ್ನೂ ಕುಂಬಾರನು ಮೊದಲೇ ಎಣಿಸಿರುತ್ತಾನೆ. ಹುಲ್ಲಿನ ಗೆರೆಗಳ ಚರಿತ್ರೆಯೂ ಹೀಗೆಯೇ: ಸ್ಥಳ ಉಳಿಸಲೆಂದು ದೊಡ್ಡ ಪಾತ್ರೆಯೊಳಗೆ ಚಿಕ್ಕದನ್ನು ಇಡುವಾಗ ಒಂದಕ್ಕೊಂದು ಅಂಟದಿರಲೆಂದು ಹುಲ್ಲು ಸುತ್ತಿದರು, ಗೆರೆ ಮೂಡಿತು, ಮೂಡಿದ್ದನ್ನು ಕಂಡು ಮೆಚ್ಚಿದ ಯಾವನೋ ಒಬ್ಬನು ಮುಂದಿನ ಸಲ ಗೆರೆಗಾಗಿಯೇ ಹುಲ್ಲು ಸುತ್ತಿದನು. ಮೊದಲನೆಯದು ಆಕಸ್ಮಿಕ, ಎರಡನೆಯದನ್ನು ಹಾಗೆನ್ನಲಾಗದು. ಮಳೆ ಬಂದುದರಿಂದ ಪೈರು ಬಂತೆಂಬ ಮಾತು ನಿಜವೇ. ಆದರೆ ಬಿತ್ತದವನ ಹೊಲದ ಮೇಲೂ ಅದೇ ಮಳೆ ಬಿದ್ದಿತ್ತು.

ನಮ್ಮ ತಾರ್ಕಿಕರಿಗೆ ಘಟವಿಲ್ಲದೆ ಮಾತೇ ಹೊರಡದೆಂಬುದು ಪ್ರಸಿದ್ಧ. ಕಾರ್ಯಕಾರಣಗಳ ವಿಚಾರ ಬಂದಾಗಲೆಲ್ಲ ಅವರು ಕುಂಬಾರನ ಅಂಗಳಕ್ಕೆ ಓಡುತ್ತಾರೆ: ಮಣ್ಣು ಉಪಾದಾನ, ಕುಲಾಲ ಚಕ್ರ ದಂಡಗಳು ನಿಮಿತ್ತ, ಮಣ್ಣು ಹೊತ್ತು ತಂದ ಕತ್ತೆ ಮಾತ್ರ, ಪಾಪ, ಅಲ್ಲಿ ಇದ್ದರೂ ಕಾರಣವಲ್ಲ, ಅನ್ಯಥಾಸಿದ್ಧ. ಪಾಕದ ವಿಷಯದಲ್ಲಂತೂ ಅವರಲ್ಲಿ ದೊಡ್ಡ ಜಗಳವೇ ನಡೆದಿದೆ. ಆವಗೆಯಲ್ಲಿ ಹಸಿಮಡಕೆ ಕೆಂಪಗಾಗುವಾಗ ಘಟವು ಪರಮಾಣುಗಳವರೆಗೆ ಕಳಚಿ, ಪರಮಾಣುಗಳಲ್ಲಿಯೇ ಬಣ್ಣ ಹುಟ್ಟಿ, ಮತ್ತೆ ಘಟವಾಗಿ ಕೂಡುತ್ತದೆಯೆಂದು ಪೀಲುಪಾಕವಾದಿಗಳಾದ ವೈಶೇಷಿಕರು. ಇಲ್ಲ, ಇಡೀ ಘಟವೇ ಇದ್ದಂತೆಯೇ ಇದ್ದು ಬಣ್ಣ ಬದಲಿಸುತ್ತದೆಯೆಂದು ಪಿಠರಪಾಕವಾದಿಗಳಾದ ನೈಯಾಯಿಕರು. ಮೇಲೆ ನೋಡಿದರೆ ಕೂದಲು ಸೀಳುವ ವಾದ. ಆದರೆ ಬಿಜೆನ್ನಿನ ಆವಗೆಯ ಮುಂದೆ ನಿಂತು ಯೋಚಿಸಿದರೆ ಅದರಲ್ಲಿ ನಮ್ಮ ಪ್ರಶ್ನೆಯೇ ಅಡಗಿದೆಯೆಂದು ತೋರುತ್ತದೆ. ಕುಂಬಾರನು ಒಳಗಿಟ್ಟ ತೊಕ್ಕುರಿಯೂ ಎರಡು ವಾರಗಳ ಮೇಲೆ ಹೊರಬಂದ ತೊಕ್ಕುರಿಯೂ ಒಂದೆಯೋ? ವೈಶೇಷಿಕನ ಪಕ್ಷ ನಿಜವಾದರೆ ಕುಂಬಾರನ ಘಟ ಒಳಗೇ ಅಳಿಯಿತು, ಹೊರಬಂದದ್ದು ಬೆಂಕಿಯ ಘಟ. ನಾನು ಈ ವಿಷಯದಲ್ಲಿ ನೈಯಾಯಿಕನ ಕಡೆಗಿದ್ದೇನೆ; ಕಾರಣ ಮಾತ್ರ ಅವನದಲ್ಲ. ಹೊರಬಂದ ಪಾತ್ರೆಯನ್ನು ಕುಂಬಾರನು ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, ಇದು ನನ್ನದು ಎಂದು ಬದಿಗಿಡುತ್ತಾನೆ, ಇಲ್ಲವೆ ಇದು ನನ್ನದಲ್ಲ ಎಂದು ಒಡೆಯುತ್ತಾನೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ನಮ್ಮ ಗಾದೆ ದೊಣ್ಣೆಯನ್ನು ಕುಂಬಾರನ ಶತ್ರುವಿನ ಕೈಯಲ್ಲಿ ಕಲ್ಪಿಸುತ್ತದೆ. ಇಂಬೆಯಲ್ಲಿ ಆ ನಿಮಿಷವೂ ಕುಂಬಾರನದೇ. ತನ್ನ ಕೈ ಬರೆಯದ ಗೆರೆಗೂ ತಾನು ಹೊಣೆಯೆಂದು ಒಪ್ಪಿಕೊಳ್ಳುವ ಅಥವಾ ನಿರಾಕರಿಸುವ ಈ ಅಧಿಕಾರ ಬೆಂಕಿಗಿಲ್ಲ, ಮಣ್ಣಿಗಿಲ್ಲ, ಕತ್ತೆಗಂತೂ ಇಲ್ಲ. ಕರ್ತೃತ್ವವೆಂದರೆ ಎಲ್ಲವನ್ನೂ ತಾನೇ ಮಾಡುವುದೆಂದು ನಾವು ತಿಳಿದಿರುವುದೇ ಗೊಂದಲಕ್ಕೆ ಮೂಲ.

ಬೆಂಕಿಯೇ ಮಾಡಿತೆಂಬ ಮಾತಿನಲ್ಲಿ ವಿನಯದ ಜೊತೆಗೆ ಒಂದು ಅಪಾಯವೂ ಇದೆ. ಹದಿನೈದನೆಯ ಶತಮಾನದ ಚಹಾಗುರು ಮುರಾತಾ ಜುಕೋ ತನ್ನ ಶಿಷ್ಯನೊಬ್ಬನಿಗೆ ಬರೆದ ಪತ್ರದಲ್ಲಿ, ಇನ್ನೂ ಪಳಗದವರು ಬಿಜೆನ್ ಮತ್ತು ಶಿಗರಾಕಿಯ ಒರಟು ಪಾತ್ರೆಗಳನ್ನು ಇಟ್ಟುಕೊಂಡು ತಾವು ಪಕ್ವತೆಯನ್ನು ಮುಟ್ಟಿದೆವೆಂದು ನಟಿಸುವುದನ್ನು ಖಂಡಿಸಿದ್ದಾನೆ. ನೋಡಿ, ಐನೂರು ವರ್ಷಗಳ ಹಿಂದೆಯೇ ಅನಲಂಕಾರವು ಒಂದು ಅಲಂಕಾರವಾಗಿ ಪರಿಣಮಿಸಿತ್ತು! ರೈತನು ಬೀಜ ತುಂಬುತ್ತಿದ್ದ ಜಾಡಿಯನ್ನು ಚಹಾಕೋಣೆಗೆ ತಂದಿಟ್ಟು ಮೆಚ್ಚುವುದು ಮೊದಲಿಗೆ ಕಣ್ಣಿನ ಸಾಹಸವಾಗಿತ್ತು. ಅದನ್ನು ಅನುಕರಿಸಿದವರಿಗೆ ಅದೊಂದು ವೇಷವಾಯಿತು. ಇಂದು ಬೇಕೆಂದೇ ಸೊಟ್ಟಗೆ ಮಾಡಿದ ಕತ್ತು, ಬೇಕೆಂದೇ ಸೀಳಿದ ಹೆಗಲುಗಳುಳ್ಳ ತೊಕ್ಕುರಿಗಳನ್ನು ಕಂಡಾಗ ನನಗೆ ಜುಕೋವಿನ ನೆನಪಾಗುತ್ತದೆ. ಸೊಟ್ಟಾದುದು ಸಹಜವೆಂದು ಹೇಳಿಕೊಂಡು ಸೊಟ್ಟುಮಾಡುವವನು, ಬೆಂಕಿಯ ಹೆಸರಿನಲ್ಲಿ ತನ್ನ ಹೊಣೆಯಿಂದ ಜಾರಿಕೊಳ್ಳುತ್ತಾನೆ.

ಇನ್ನು ಪರಂಪರೆಯ ವಾದ. ಯನಗಿ ಸೋಎತ್ಸು ಎಂಬ ದಾರ್ಶನಿಕನು 1925ರಲ್ಲಿ, ಕುಂಬಾರರಾದ ಹಮಾದಾ ಶೋಜಿ ಮತ್ತು ಕವಾಯಿ ಕಂಜಿರೋ ಅವರೊಡನೆ ಕೂಡಿ, ‘ಮಿಂಗೆಯ್’ ಎಂಬ ಹೊಸ ಪದವನ್ನು ಕಟ್ಟಿದನು. ಜನಸಾಮಾನ್ಯರ ಕೈಕೆಲಸವೆಂದು ಅದರ ತಾತ್ಪರ್ಯ. 1936ರಲ್ಲಿ ತೋಕ್ಯೋ ನಗರದಲ್ಲಿ ಅದಕ್ಕಾಗಿ ಒಂದು ವಸ್ತುಸಂಗ್ರಹಾಲಯವೂ ಎದ್ದಿತು. ನಿತ್ಯೋಪಯೋಗಕ್ಕೆಂದು, ಅಗ್ಗವಾಗಿ, ಹೇರಳವಾಗಿ, ಹೆಸರನ್ನು ಬಯಸದವನ ಕೈಯಿಂದ ಆದ ವಸ್ತುವಿನಲ್ಲಿಯೇ ನಿಜವಾದ ಸೌಂದರ್ಯವಿದೆ, ಅಹಂಕಾರ ಬಂದೊಡನೆ ಅದು ಓಡಿಹೋಗುತ್ತದೆ ಎಂಬುದು ಅವನ ಸಿದ್ಧಾಂತ. ಭಕ್ತಿಮಾರ್ಗದ ಸಂಸ್ಕಾರವುಳ್ಳ ನಮಗೆ ಇದು ಕೂಡಲೇ ಹಿಡಿಸುತ್ತದೆ. ಬಹುಕಾಲ ನಾನೂ ಇದನ್ನು ಒಪ್ಪಿದ್ದೆ.

ಈಗ ಸಂದೇಹ ಬಂದಿದೆ. ಹೆಸರಿಲ್ಲದ ಕುಂಬಾರನೆಂಬವನು ನಗರದಿಂದ ಹೋದ ಪಂಡಿತನಿಗೆ ಹೆಸರಿಲ್ಲದವನೇ ಹೊರತು ಅವನ ಬೀದಿಯವರಿಗಲ್ಲ. ಇಂಬೆಯಲ್ಲಿಯೇ ಇದಕ್ಕೆ ಸಾಕ್ಷಿಯಿದೆ. ಹದಿನಾರನೆಯ ಶತಮಾನದ ಹೊತ್ತಿಗೆ ಅಲ್ಲಿ ಹಲವು ಮನೆಗಳವರು ಸೇರಿ ಉರಿಸುವ ಮಹಾ ಆವಗೆಗಳಿದ್ದವು. ದಕ್ಷಿಣ ದಿಕ್ಕಿನ ಒಂದರ ಅವಶೇಷ ಇಂದಿಗೂ ಸುಮಾರು 54 ಮೀಟರು ಉದ್ದವಿದೆ. ಅಷ್ಟು ದೊಡ್ಡ ಹೊಟ್ಟೆಯೊಳಗೆ ಎಲ್ಲರ ಪಾತ್ರೆಗಳೂ ಬೆರೆಯುತ್ತಿದ್ದುದರಿಂದ ತನ್ನದು ಯಾವುದೆಂದು ಗುರುತಿಸಲು ಪ್ರತಿಯೊಬ್ಬನೂ ತನ್ನ ಪಾತ್ರೆಯ ಮೇಲೆ ಒಂದು ಗೀರನ್ನೋ ಮುದ್ರೆಯನ್ನೋ ಹಾಕುತ್ತಿದ್ದನು. ಎದೋ ಕಾಲದಲ್ಲಿ ಸಾಕೆಯ ಅಂಗಡಿಗಳು ಗಿರಾಕಿಗಳಿಗೆ ಎರವಲಾಗಿ ಕೊಡುತ್ತಿದ್ದ ದೊಡ್ಡ ತೊಕ್ಕುರಿಗಳ ಹೊಟ್ಟೆಯ ಮೇಲೂ ಹೆಸರಿರುತ್ತಿತ್ತು. ಅದು ಅಂಗಡಿಯ ಹೆಸರು, ಪಾತ್ರೆ ಹಿಂದಿರುಗಬೇಕಾದ ವಿಳಾಸ. ಹೆಸರೆಂದರೆ ಅಹಂಕಾರವೆಂದೇ ಏಕೆ ತಿಳಿಯಬೇಕು? ಲೆಕ್ಕ ಒಪ್ಪಿಸುವವನ ಗುರುತೂ ಹೆಸರೇ. ಯನಗಿಯ ಮಿತ್ರನಾದ ಹಮಾದಾ ತನ್ನ ಪಾತ್ರೆಗಳ ಮೇಲೆ ಸಹಿ ಹಾಕಲಿಲ್ಲ; ಆದರೆ ಅವುಗಳನ್ನಿಡುವ ಪೆಟ್ಟಿಗೆಗಳ ಮೇಲೆ ಹಾಕಿದನು! ಇದನ್ನು ಕಪಟವೆನ್ನುವುದು ಅನ್ಯಾಯವಾದೀತು. ತನ್ನದಲ್ಲದ್ದು ತನ್ನ ಹೆಸರಿನಲ್ಲಿ ಓಡಾಡಬಾರದೆಂಬ ಎಚ್ಚರ ಅದರಲ್ಲಿ ಇದ್ದಿರಬಹುದು. ಸಿದ್ಧಾಂತಕ್ಕಿಂತ ಲೋಕ ತೊಡಕಿನದೆಂದು ಮಾತ್ರ ಅದರಿಂದ ತಿಳಿಯುತ್ತದೆ.

ಪರಂಪರೆ ತಾನಾಗಿ ಹರಿದು ಬರುತ್ತದೆಂಬ ಮಾತಂತೂ ಬಿಜೆನ್ನಿನ ಚರಿತ್ರೆಯ ಮುಂದೆ ನಿಲ್ಲದು. ಹದಿನೇಳನೆಯ ಶತಮಾನದಲ್ಲಿ ಅರಿತಾದ ಬಿಳಿಯ ಪಿಂಗಾಣಿ ಬಂದಮೇಲೆ ಕಂದುಮಣ್ಣಿನ ಪಾತ್ರೆಯ ಗೌರವ ಕುಗ್ಗಿತು. ಇಂಬೆಯ ಕುಶಲರು ದೇವತೆಗಳ, ಪ್ರಾಣಿಗಳ ನಯವಾದ ಪುತ್ತಳಿಗಳಿಗೆ ತಿರುಗಿದರು. ಮೆಯಿಜಿ ಕಾಲದಲ್ಲಿ ಆ ಸೀಮೆಯ ಮಣ್ಣಿಗೆ ಕುಲುಮೆಯ ಇಟ್ಟಿಗೆಯ ಉದ್ಯಮದಲ್ಲಿ ಹೊಸ ಬೇಡಿಕೆ ಹುಟ್ಟಿತು. ಕನೆಶಿಗೆ ತೋಯೋ (1896–1967) ಹುಟ್ಟಿದ್ದು ಹಳೆಯ ಕುಂಬಾರಮನೆಯಲ್ಲಿಯೇ ಆದರೂ ಅವನು ಮೊದಲು ಪಳಗಿದ್ದು ಪುತ್ತಳಿಗಳ ಕೆಲಸದಲ್ಲಿ. ಮೊಮೊಯಾಮಾ ಕಾಲದ, ಎಂದರೆ ಹದಿನಾರನೆಯ ಶತಮಾನದ ಕೊನೆಯ, ಚಹಾಪಾತ್ರೆಗಳ ಮೈಯಲ್ಲಿದ್ದ ಗುಣ ತನ್ನ ಕಾಲದ ಬಿಜೆನ್ನಿನಲ್ಲಿ ಇಲ್ಲದ್ದನ್ನು ಕಂಡು, ಮಣ್ಣನ್ನು ಬದಲಿಸಿ, ಜೋಡಣೆಯನ್ನು ಬದಲಿಸಿ, ಉರಿಯನ್ನು ಬದಲಿಸಿ, ಕಳೆದುಹೋದುದನ್ನು ಹುಡುಕಿದನು. ನಾವು ಇಂದು ಸಾವಿರ ವರ್ಷದ ಅಖಂಡ ಸಂಪ್ರದಾಯವೆಂದು ಕೊಂಡಾಡುವ ತೊಕ್ಕುರಿಯ ಹಿಂದೆ ಇಂತಹ ಒಂದು ಶೋಧನೆ ಇದೆ. ಅವನ ನಂತರದ ಹಿರಿಯನಾದ ಫುಜಿವಾರಾ ಕೇಯ್ ಸಾಹಿತ್ಯದ ಹಂಬಲದಿಂದ ಊರು ಬಿಟ್ಟು ರಾಜಧಾನಿಗೆ ಹೋಗಿ, ನಲವತ್ತರ ಆಸುಪಾಸಿನಲ್ಲಿ ಹಿಂದಿರುಗಿ ತಿಗುರಿ ಹಿಡಿದವನು. ಪರಂಪರೆಯೆಂಬುದು ರಕ್ತದಲ್ಲಿಯೇ ಇದ್ದಿದ್ದರೆ ಇವನಿಗೆ ಅದು ಹೇಗೆ ಬಂತು?

ಹಾಗಾದರೆ ವ್ಯಾಪಾರಿಯ ಮಾತೇ ಸರಿಯೆ? ಹೆಸರೇ ಸರ್ವಸ್ವವೆ? ಇದಕ್ಕೆ ಉತ್ತರವಾಗಿ ಇನ್ನೊಂದು ಸಾಕೆಯ ಪಾತ್ರೆಯ ಕಥೆಯನ್ನು ನೆನೆಯಬೇಕು. 1959ರಲ್ಲಿ ಜಪಾನ್ ಸರ್ಕಾರವು ಸೆತೋ ಸೀಮೆಯ ಒಂದು ‘ಹೆಯಿಶಿ’ಯನ್ನು, ದೇವರಿಗೆ ಸಾಕೆ ಅರ್ಪಿಸುವ ಬಗೆಯ ಹೂಜಿಯನ್ನು, ಮಹತ್ತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು. ಅದರ ಮೈಮೇಲೆ 1294ನೆಯ ಇಸವಿಗೆ ಸಮನಾದ ಕಾಲ ಕೆತ್ತಿತ್ತು. ಮರುವರ್ಷ ಕಾತೋ ತೋಕುರೋ ಎಂಬ ಪ್ರಖ್ಯಾತ ಕುಂಬಾರನು ಅದನ್ನು ಮಾಡಿದವನು ತಾನೇ ಎಂದನು. ಕ್ಷಕಿರಣ ಪರೀಕ್ಷೆಯೂ ಅದರ ಪ್ರಾಚೀನತೆಯನ್ನು ಸಮರ್ಥಿಸಲಿಲ್ಲ. 1961ರಲ್ಲಿ ಘೋಷಣೆ ರದ್ದಾಯಿತು. ಅದನ್ನು ಎತ್ತಿಹಿಡಿದಿದ್ದ ವಿದ್ವಾಂಸ ಕೊಯಾಮಾ ಫುಜಿಯೋ, ಬಿಜೆನ್ ಸೆತೋ ಮುಂತಾದವುಗಳಿಗೆ ‘ಆರು ಪ್ರಾಚೀನ ಆವಗೆಗಳು’ ಎಂಬ ಸಮೂಹನಾಮವನ್ನು ಕೊಟ್ಟವನೇ, ತನ್ನ ಪದವಿಯನ್ನು ತ್ಯಜಿಸಿದನು. ಮುಂದೆ ತಾನೇ ಮಣ್ಣು ಹಿಡಿದು ಕುಂಬಾರನಾದನು.

ಹೂಜಿ ಅದೇ, ಆಕಾರ ಅದೇ, ಮೆರುಗು ಅದೇ. ಸೌಂದರ್ಯ ಪಾತ್ರೆಯಲ್ಲಿಯೇ ಸಂಪೂರ್ಣವಾಗಿ ಇರುವುದಾದರೆ ಘೋಷಣೆಯನ್ನು ಹಿಂತೆಗೆದುಕೊಳ್ಳಬೇಕಾಗಿರಲಿಲ್ಲ. ಕಾಲದಲ್ಲಿ, ಹೆಸರಿನಲ್ಲಿ ಮಾತ್ರ ಇರುವುದಾದರೆ ಅಷ್ಟು ಜನ ತಜ್ಞರು ಅದನ್ನು ನೋಡಿ ಮೆಚ್ಚಿದ್ದಕ್ಕೆ ಅರ್ಥವಿರಲಿಲ್ಲ. ಕಾತೋವಿನ ಕೈ ಕಡಿಮೆಯದಾಗಿತ್ತೆಂದು ಯಾರೂ ಹೇಳಲಿಲ್ಲ. ಅದು ಪಾತ್ರೆಯನ್ನು ಮಾಡಿತು, ಆದರೆ ಪಾತ್ರೆಯ ಮೈಮೇಲಿನ ಬರಹ ಆ ಕೈಯನ್ನು ಅಡಗಿಸಿತು. ಅಲ್ಲಿ ಕೆಟ್ಟದ್ದು ಸಾಕ್ಷ್ಯ. ಪೆಟ್ಟಿಗೆಯ ಮೇಲಿನ ಸಹಿಗೆ ಬೆಲೆಯಿರುವುದಾದರೆ ಅದು ಸಾಕ್ಷಿಯ ಸಹಿಯಾಗಿ. ಇದನ್ನು ಒಡೆಯದೆ ಉಳಿಸಿದವನು ನಾನು ಎಂಬ ಒಪ್ಪಿಗೆಯಾಗಿ. ಅದನ್ನು ನಾಣ್ಯದ ಮೇಲಿನ ಮುದ್ರೆಯಂತೆ ಓದುವ ವ್ಯಾಪಾರಿಗೆ ಒಳಗಿನ ಪಾತ್ರೆಯನ್ನು ಹೊರತೆಗೆಯುವ ಅಗತ್ಯವೂ ಬೀಳುವುದಿಲ್ಲ.

ಈ ಸೂಕ್ಷ್ಮವನ್ನು ರಸಿಕರಿಗಿಂತ ಶಾಸನಕರ್ತರೇ ಚೆನ್ನಾಗಿ ಅರಿತಿದ್ದರೆಂಬುದು ಆಶ್ಚರ್ಯ. 1950ರ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಯ ಕಾಯಿದೆ 1954ರಲ್ಲಿ ತಿದ್ದುಪಡಿಯಾದ ಮೇಲೆ ಕುಶಲಕಲೆಯ ಹಿರಿಯರನ್ನು ಗೌರವಿಸುವ ಪದ್ಧತಿ ಬಂತು. ಮರುವರ್ಷ ಹಮಾದಾ, 1956ರಲ್ಲಿ ಕನೆಶಿಗೆ ತೋಯೋ; 2004ರವರೆಗೆ ಬಿಜೆನ್ ಒಂದರಿಂದಲೇ ಐವರಿಗೆ ಈ ಗೌರವ ಸಂದಿತು. ಕವಾಯಿ ಮಾತ್ರ ಬೇಡವೆಂದನು. ಜನರ ಬಾಯಲ್ಲಿ ಇವರು ‘ನಿಂಗೆನ್ ಕೊಕುಹೋ’, ಮನುಷ್ಯರೂಪದ ರಾಷ್ಟ್ರನಿಧಿಗಳು. ಶಾಸನದಲ್ಲಿ ಅಂತಹ ಮಾತೇ ಇಲ್ಲ. ಅದರ ಪ್ರಕಾರ ಆಸ್ತಿ ಎಂಬುದು ಮೂರ್ತರೂಪವಿಲ್ಲದ ಆ ಕೌಶಲ. ಮನುಷ್ಯನು ಅದರ ‘ಹೊಜಿಶಾ’, ಎಂದರೆ ಧಾರಕ, ಹಿಡಿದುಕೊಂಡಿರುವವನು ಮಾತ್ರ. ವರ್ಷಕ್ಕೆ 20 ಲಕ್ಷ ಯೆನ್ ಅವನಿಗೆ ಸಲ್ಲುವುದು ಕೌಶಲವನ್ನು ಇನ್ನಷ್ಟು ಸಾಣೆಹಿಡಿಯಲೆಂದು, ಮುಂದಿನವರಿಗೆ ದಾಟಿಸಲೆಂದು. ಜನರು ಮನುಷ್ಯನನ್ನು ನಿಧಿಯಾಗಿಸಿ ಕಪಾಟಿನಲ್ಲಿಟ್ಟರು. ಕಾಯಿದೆ ಅವನನ್ನು ಹೊಣೆಗಾರನಾಗಿ ನಿಲ್ಲಿಸಿತು.

ಕಪಾಟಿನ ಮಾತು ಬಂದುದರಿಂದ ಇನ್ನೊಂದು ವಿಷಯ. ತೊಕ್ಕುರಿ ಬಿಜೆನ್ನಿನದಾಗಬೇಕು, ಬಟ್ಟಲು ಕರಾತ್ಸುವಿನದಾಗಬೇಕು ಎಂದು ಅಲ್ಲಿಯ ಸಂಗ್ರಾಹಕರಲ್ಲಿ ಒಂದು ನಾಣ್ಣುಡಿಯಿದೆ. ಬಿಜೆನ್ನಿನ ಮಣ್ಣು ಸಾಕೆಯ ರುಚಿಯನ್ನು ಮೃದುಗೊಳಿಸುತ್ತದೆಂದು ಅವರು ಹೇಳುವ ಕಾರಣವನ್ನು ನಾನು ನಂಬಲೂ ಅಲ್ಲಗಳೆಯಲೂ ಅರ್ಹನಲ್ಲ. ಆದರೆ ಆ ಪಾತ್ರೆಯನ್ನು ಬಳಸುವ ಮೊದಲು ನೀರಿನಲ್ಲಿ ಅದ್ದಿಡುವ ಪದ್ಧತಿಯಿದೆ. ಆಗ ಒಣಗಿದಾಗ ಮಂಕಾಗಿದ್ದ ಕಂದು ಕಪ್ಪಾಗಿ, ಕೆಂಪು ಗೆರೆ ತೇವದಿಂದ ಹೊಳೆದು, ಕಪಾಟಿನಲ್ಲಿ ನೋಡಿದ್ದು ಈ ಪಾತ್ರೆಯೇ ಹೌದೇ ಎಂಬಂತಾಗುತ್ತದೆ. ವರ್ಷಗಳ ಬಳಕೆಯಿಂದ, ಕೈಯ ಜಿಡ್ಡಿನಿಂದ, ಆ ಒರಟು ಮೈ ನಯವಾಗುತ್ತ ಬರುತ್ತದೆ. ಆವಗೆಯಲ್ಲಿ ಮುಗಿಯಿತೆಂದುಕೊಂಡ ಕೆಲಸವನ್ನು ಬಳಸುವವನು ಮುಂದುವರಿಸುತ್ತಾನೆ. ಚಳಿಗಾಲದ ಸಂಜೆ ಸಾಕೆಯನ್ನು ಬೆಚ್ಚಗೆ ಮಾಡುವುದೂ ತೊಕ್ಕುರಿಯಲ್ಲಿಯೇ, ಬಿಸಿನೀರಿನ ಪಾತ್ರೆಯೊಳಗೆ ಅದನ್ನು ಕತ್ತಿನವರೆಗೆ ಇಳಿಸಿ. ಉಗುರುಬೆಚ್ಚಗಿನ 40 ಡಿಗ್ರಿಗೆ ಒಂದು ಹೆಸರು, 50ರ ಬಿಸಿಗೆ ಇನ್ನೊಂದು. ಎರಡು ವಾರ ಬೆಂದು 1200 ಡಿಗ್ರಿಯನ್ನು ಮುಟ್ಟಿದ ಮಣ್ಣಿಗೆ ಈ ಶಾಖ ಒಂದು ಉಪಚಾರದಷ್ಟೇ. ಆದರೂ ಬೆರಳುಗಳಿಗೆ ತಾಗುವುದು ಇದೇ.

ಹಾಗೆ ಬೆಚ್ಚಗಾದ ತೊಕ್ಕುರಿಯನ್ನು ಒರೆಸಿ ಕೂಟದ ನಡುವೆ ತಂದಿಡುತ್ತಾರೆ. ತನ್ನ ಬಟ್ಟಲಿಗೆ ತಾನೇ ಬಗ್ಗಿಸಿಕೊಳ್ಳುವುದು ಒಂಟಿಯಾಗಿ ಕುಡಿಯುವವನ ರೀತಿ. ಅದಕ್ಕೆ ಅವರ ಭಾಷೆಯಲ್ಲಿ ಬೇರೆಯೇ ಪದವಿದೆ. ಕೂಟದಲ್ಲಿ ತೊಕ್ಕುರಿಯನ್ನು ಹಿಡಿದವನು ಪಕ್ಕದವನ ಬಟ್ಟಲನ್ನು ತುಂಬುತ್ತಾನೆ, ಕೆಳಗಿಡುತ್ತಾನೆ, ಮತ್ತು ಇನ್ನೊಬ್ಬನು ಅದನ್ನು ಎತ್ತಿಕೊಳ್ಳುವವರೆಗೆ ತನ್ನ ಬರಿದಾದ ಬಟ್ಟಲನ್ನು ಮುಂದಿಟ್ಟುಕೊಂಡು ಕಾಯುತ್ತಾನೆ.